ಹಳದಿ ನದಿಯ ದಂಡೆಯಲ್ಲಿ ಒಂದೇ ಪದದ ಪಾಠ

ಚೀನಾದ ಲಾನ್‌ಝೋ ನಗರಕ್ಕೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹಳದಿ ನದಿಯ ದಂಡೆಯಲ್ಲಿ ಇಂಗ್ಲಿಷ್ ಟೀಚರ್ ಯಾನ್ ಶ್ಯೂಚಿನ್ ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುತ್ತಾರೆ. ತುಸು ದೂರದಲ್ಲಿ ಅವರಿಗೆ ಬೆನ್ನು ಹಾಕಿ ನಿಂತ ನರ್ಸ್ ಮ್ಯಾವ್ ಲಿ ನದಿಯತ್ತ ಇಂಗ್ಲಿಷಿನಲ್ಲಿ ಕೂಗುತ್ತಾಳೆ.

“ಇನ್ನೂ ಜೋರಾಗಿ ಕೂಗೇ. ನಿನ್ನ ರೋಗಿ ಕಿವುಡ ಅಂದ್ಕೋ.”

“ಮೀನೆಲ್ಲ ಓಡಿಹೋಗ್ತವೆ, ಟೀಚರ್.”

“ಹೋಗ್ಲಿ ಬಿಡು. ಅವಕ್ಕೇನು ಪರೀಕ್ಷೆ ಇದ್ಯಾ?”

ಬೆಳಗಿನ ಜಾವ ಬಯಲಲ್ಲಿ ನಿಂತು ಗಟ್ಟಿಯಾಗಿ ಓದುವುದು ಇಲ್ಲಿನವರ ಅಭ್ಯಾಸ. ಯಾನ್ ಕಲಿಸುವುದು ಮಾತ್ರ ಒಂದೇ ಪುಟ್ಟ ಪದ, ‘ಟೇಕ್’. ಚೀನೀ ಮಾತಿನಲ್ಲಿ ಔಷಧ ತಿನ್ನುತ್ತಾರೆ, ಬಸ್ಸಿನಲ್ಲಿ ಕೂರುತ್ತಾರೆ, ಜ್ವರ ಅಳೆಯುತ್ತಾರೆ. ಇಂಗ್ಲಿಷಿಗೆ ಎಲ್ಲಕ್ಕೂ ಟೇಕ್ ಸಾಕು. ಅರ್ಥಗಳನ್ನು ಉರುಹೊಡೆದವರೂ ರೋಗಿಯ ಮುಂದೆ ಗಾಬರಿಯಾಗಿ ಇಂಗ್ಲಿಷಿನಲ್ಲೂ ‘ಮಾತ್ರೆ ತಿನ್ನಿ’ ಅಂದುಬಿಡುತ್ತಾರೆ. ಹಾಗಾಗಿ ಯಾನ್ ಬರೆಸುವುದಿಲ್ಲ, ಮಾಡಿಸುತ್ತಾರೆ. ಕಡಲೆಬೀಜವೇ ಮಾತ್ರೆ, ಕಲ್ಲುಬೆಂಚೇ ಬಸ್ಸು, ಅವರ ಮುಂಗೈಯೇ ನಾಡಿ ಹಿಡಿಯಲು.

ಅವರು ಪಾಠ ಮಾಡುತ್ತಿದ್ದ ಕಾರ್ಖಾನೆಯ ಶಾಲೆ ಮುಚ್ಚಿತು. ಗಂಡ ತೀರಿಕೊಂಡರು. ದಂಡೆಯ ಪಾಠಕ್ಕೆ ಮೊದಲು ದೊಡ್ಡ ಗುಂಪೇ ಸೇರುತ್ತಿತ್ತು. ಎಲ್ಲರ ಫೋನಿಗೂ ಪಾಠ ಬಂದಮೇಲೆ ಉಳಿದವಳು ಹೊರದೇಶದ ಆಸ್ಪತ್ರೆ ಸೇರಲು ಕಲಿಯುತ್ತಿದ್ದ ಮ್ಯಾವ್ ಲಿ ಒಬ್ಬಳೇ. ಅವಳಿಗೆ ರಾತ್ರಿಪಾಳಿ ಬಿದ್ದ ದಿನ ಯಾನ್ ತಾವೇ ನರ್ಸು, ತಾವೇ ರೋಗಿ.

“ಇಲ್ಲಿ ತಾಯ್‌ಚೀ ವ್ಯಾಯಾಮ ಮಾಡೋರು ನೋಡಿ ನಗ್ತಾರೆ. ನಗ್ಲಿ. ಮನೇಲಿ ಮಾತಾಡಿದ್ರೆ ನಗೋಕೂ ಯಾರೂ ಇಲ್ಲ,” ಎನ್ನುತ್ತಾರೆ. ಇದೇ ದಂಡೆಯಲ್ಲಿ ದಿನವೂ ನಡೆಯುವ ನಾನೂ ಹಾಗೆ ನಕ್ಕವನೇ. ಈಗ ಸಂಕಟವಾಗುತ್ತದೆ.

ಇವತ್ತಿನ ಪಾಠ ತಪ್ಪಿಲ್ಲದೆ ಮುಗಿಯುತ್ತದೆ. ಮ್ಯಾವ್ ಲಿ ಹತ್ತಿರ ಬಂದು ಟೀಚರ್ ಅವರ ಎರಡೂ ಕೈ ಹಿಡಿಯುತ್ತಾಳೆ. ಐರ್ಲೆಂಡಿನ ಆಸ್ಪತ್ರೆಯೊಂದು ಅವಳನ್ನು ಆರಿಸಿದೆ. ವಾರದಲ್ಲೇ ಹೊರಡಬೇಕು.

“ನಿನ್ನೇನೇ ಗೊತ್ತಾಯ್ತು. ಪಾಠ ಕೆಡುತ್ತೆ ಅಂತ ಮೊದಲೇ ಹೇಳ್ಲಿಲ್ಲ.”

“ಒಳ್ಳೇದಾಯ್ತು. ಹೋಗು, ಅಲ್ಲಿ ಯಾರಿಗೂ ಔಷಧ ತಿನ್ನಿಸ್ಬೇಡ.”

“ನೀವೇನ್ ಮಾಡ್ತೀರಿ, ಟೀಚರ್?”

“ನನಗೇನಾಗಿದೆ? ಡ್ಯೂಟಿಗೆ ಹೊತ್ತಾಯ್ತು, ಓಡು.”

ಅವಳು ಬಸ್ಸು ಹತ್ತುವವರೆಗೂ ಯಾನ್ ನಗುತ್ತಲೇ ಇರುತ್ತಾರೆ. ಆಮೇಲೆ ಬೆಂಚಿನ ಮೇಲೆ ಕುಸಿದು ಕೂರುತ್ತಾರೆ. ನಾಳೆಯೂ ಬರುತ್ತೀರಾ ಎಂದು ಕೇಳುತ್ತೇನೆ.

“ಬರ್ದೆ ಏನ್ ಮಾಡ್ಲಿ? ಯಾರಾದ್ರೂ ಒಬ್ರು ಬಂದು ತಪ್ಪು ಹೇಳಿದ್ರೆ ಸಾಕು,” ಎನ್ನುತ್ತಾರೆ. “ನಾನೊಬ್ಳೇ ಕೂಗಿದ್ರೆ ತಿದ್ದೋಕೆ ಒಂದು ತಪ್ಪೂ ಸಿಗಲ್ಲ, ನೋಡಿ.”