ಕತ್ತರಿಸಿದ ಚರಣ

ವೆಂಡೆಲ್ ಕೊವಾಚ್ ನಮ್ಮೂರು ಟೊಲೆಡೊದ ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದ, ಶನಿವಾರ ನಮ್ಮ ಬ್ಯಾಂಡಿನಲ್ಲಿ ಹಾಡುತ್ತಿದ್ದ. ಡ್ರಮ್ಸ್ ನನ್ನದು. ಬಾರಿನ ಗೋಡೆ ನಡುಗುವಂತೆ ಬಾರಿಸುವವರು ನಾವು, ಮೆಲುದನಿಯ ಹಾಡೆಂದರೆ ನಮಗೆ ನಾಚಿಕೆ.

ಎಪ್ಪತ್ತಾರರ ಚಳಿಗಾಲದಲ್ಲಿ ಅವನು ಕುಡಿದು ಬಂದು ಊಟದ ಮೇಜನ್ನೇ ಮಗುಚಿ ಹಾಕಿದ. ಹೆಂಡತಿ ಲೊರೆಟ್ಟಾ ಮಗಳನ್ನು ಕರೆದುಕೊಂಡು ತಂಗಿಯ ಮನೆ ಸೇರಿದಳು. ಇವನು ಹೋದರೆ ಬಾಗಿಲು ತೆರೆಯಲಿಲ್ಲ. ದಿಕ್ಕು ತೋಚದೆ ಹಾಡು ಕಟ್ಟಿದ. ಮೊದಲೆರಡು ಚರಣಗಳಲ್ಲಿ ದೀಪ ಹಚ್ಚಿಟ್ಟು ಕಾಯುವ ಗಂಡನ ಗೋಳು, ‘ಮನೆಗೆ ಬಾ’ ಎಂಬ ಪಲ್ಲವಿ. ನಿಜವಿದ್ದದ್ದು ಮೂರನೆಯದರಲ್ಲಿ: ಕುಡಿದವನು ನಾನು, ಮಗು ಬೆಚ್ಚಿದ್ದು ನನ್ನಿಂದ, ತಪ್ಪು ನನ್ನದು.

ಮೆಲುದನಿಯ ಹಾಡೆಂಬ ನಾಚಿಕೆಗೆ ಅದನ್ನು ಬದಿಗೊಂದೇ ಹಾಡಿರುವ ಚಿಕ್ಕ ರೆಕಾರ್ಡಿನ ಹಿಂಬದಿಗೆ ಹಾಕಿದೆವು. ಉದ್ದದ ಹಾಡು ರೇಡಿಯೋದವರಿಗೆ ಆಗದು. ರೆಕಾರ್ಡಿಂಗ್ ಮಾಡಿದ ರಸ್ ಎಂಬವನು ಬ್ಲೇಡಿನಿಂದ ಟೇಪು ಕುಯ್ದು, ಮೂರನೇ ಚರಣ ತೆಗೆದು, ತುದಿಗಳನ್ನು ಅಂಟಿಸಿದ. ಪೂರ್ತಿ ಹಾಡು ನಮ್ಮ ಎಲ್ಲ ಹಾಡುಗಳ ದೊಡ್ಡ ರೆಕಾರ್ಡಿನಲ್ಲಿ ಇದ್ದೇ ಇರುತ್ತದೆಂದು ಸಮಾಧಾನ ಹೇಳಿದ. ಹೇಗಾದರೂ ಅವಳ ಕಿವಿಗೆ ಬಿದ್ದರೆ ಸಾಕೆಂದು ವೆಂಡೆಲ್ ಒಪ್ಪಿದ.

ಬಿತ್ತು, ದೇಶದ ಕಿವಿಗೆಲ್ಲ ಬಿತ್ತು. ರೇಡಿಯೋದವನೊಬ್ಬ ಹಿಂಬದಿ ತಿರುಗಿಸಿ ಹಾಕಿದ್ದೇ ತಡ, ಕ್ಷೌರದಂಗಡಿ, ಪೆಟ್ರೋಲ್ ಬಂಕು, ಎಲ್ಲೆಲ್ಲೂ ಅದೇ ಹಾಡು. ಆಗ ಲೊರೆಟ್ಟಾ ತಾನಾಗಿ ವೆಂಡೆಲನಿಗೆ ಫೋನ್ ಮಾಡಿದಳು, ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿ ಮಾತಾಡಿದಳು.

“ಅಂಗಡಿಗೆ ಹೋದ್ರೆ ಹೆಂಗಸ್ರು ನನ್ನ ನೋಡಿ ಲೊಚಗುಟ್ತಾರೆ. ದೀಪ ಹಚ್ಕೊಂಡು ಕೂತಿದಾನಂತೆ, ಪಾಪ. ನಾನು ಯಾಕೆ ಹೋದೆ ಅಂತ ಯಾಕಪ್ಪಾ ಹಾಡ್ಲಿಲ್ಲ?”

“ಹಾಡಿದೀನಿ ಕಣೇ. ಅದನ್ನ ಕುಯ್ದುಬಿಟ್ರು. ದೊಡ್ಡ ರೆಕಾರ್ಡ್ ತಗೊಂಡು ಕೇಳು.”

“ನನ್ನ ಮಾನ ಕಳೆದಿದ್ದನ್ನ ನಾನೇ ದುಡ್ಡು ಕೊಟ್ಟು ತರ್ಲಾ? ನಂಗೊಬ್ಬಳಿಗೆ ಹೇಳಿದ್ರೆ ಸಾಲ್ದು. ಊರೆಲ್ಲಾ ಕೇಳೋ ಹಾಗೆ ಹೇಳು, ಆಮೇಲೆ ಬರೋದು ನೋಡೋಣ.”

ಟೊಲೆಡೊದ ಕ್ರೀಡಾಂಗಣದಲ್ಲಿ ನಮ್ಮ ಕಾರ್ಯಕ್ರಮವಿತ್ತು. ಅಲ್ಲಿ ಎಲ್ಲರೆದುರು ಹಾಡುತ್ತೇನೆಂದು ವೆಂಡೆಲ್ ಕರೆದದ್ದಕ್ಕೆ ಮುಂದಿನ ಸಾಲಿನಲ್ಲಿ ಅವಳೂ ಮಗಳೂ ಕೂತಿದ್ದರು. ಎರಡನೇ ಚರಣ ಮುಗಿಯುವಾಗ ಜನ ಲೈಟರ್ ಹಚ್ಚಿ ಎತ್ತಿ ಹಿಡಿದರು. ವೆಂಡೆಲ್ ಕಣ್ಣು ಮುಚ್ಚಿ ಮೂರನೆಯದನ್ನು ಎತ್ತಿಕೊಂಡ.

ಆ ಚರಣ ಯಾರಿಗೆ ಗೊತ್ತು? ರೇಡಿಯೋದಲ್ಲಿ ಆ ಜಾಗದಲ್ಲಿ ಬರುವುದು ಪಲ್ಲವಿ. ಇಡೀ ಕ್ರೀಡಾಂಗಣ ‘ಮನೆಗೆ ಬಾ’ ಎಂದು ಶುರುಮಾಡಿತು. ಜನ ಸುಮ್ಮನಾಗಲೆಂದು ನಾನು ಬಾರಿಸುವುದನ್ನು ನಿಲ್ಲಿಸಿದೆ. ಬ್ಯಾಂಡು ನಿಂತರೆ ಹಾಡುವ ಸರದಿ ತಮ್ಮದೆಂದು ತಿಳಿದವರು ಅವರು, ಇನ್ನೂ ಗಟ್ಟಿಯಾಗಿ ಹಾಡಿದರು. ಅವರ ಪ್ರೀತಿಗೆ ಬೆಂಕಿ ಬೀಳಲಿ. ಬೆನ್ನ ಹಿಂದೆಯೇ ಇದ್ದ ನನಗೂ ವೆಂಡೆಲನ ಒಂದು ಮಾತೂ ಕೇಳಿಸಲಿಲ್ಲ.

ಲೊರೆಟ್ಟಾ ಕಿವಿಗೆ ಕೈ ಆನಿಸಿಕೊಂಡು ಮುಂದಕ್ಕೆ ಬಾಗಿದ್ದಳು. ಪಕ್ಕದಲ್ಲಿ ಮಗಳು ಕೂಡ ಜನರೊಂದಿಗೆ ಹಾಡುತ್ತಿದ್ದಳು. ಅದನ್ನು ನೋಡಿದ ಲೊರೆಟ್ಟಾ ಕೈ ಇಳಿಸಿ, ಮಗಳನ್ನು ಎಬ್ಬಿಸಿಕೊಂಡು ಹೊರಟಳು.

“ಸುಮ್ನಿರ್ರೋ, ಅವಳು ಹೋಗ್ತಿದಾಳೆ” ಎಂದು ವೆಂಡೆಲ್ ಮೈಕಿನಲ್ಲಿ ಅತ್ತ. ಜನ ಚಪ್ಪಾಳೆ ತಟ್ಟಿ, ಇನ್ನೊಂದು ಸಲ ಹಾಡು ಎಂದರು.