ಎಡಗಣ್ಣಿಗೆ ಮೈನಸ್ ಒಂದೂವರೆ

ಕೆಟಲ್ ಕೂಗಿತು. ಸಣ್ಣಗೆ ಶುರುವಾಗಿ, ಮೆಲ್ಲಗೆ ಏರಿ, ಕೊನೆಗೆ ಗೋಡೆ ಕೊರೆಯುವಂಥ ಒಂದೇ ಉದ್ದ ಸೀಟಿ. ಹಜಾರದಲ್ಲಿ ಬೂಟಿನ ದಾರ ಕಟ್ಟುತ್ತಿದ್ದ ರೆಫರಿ ಸಾಹೇಬರು ತಟ್ಟನೆ ಎದ್ದು, ಎಡಗೈ ಮೇಲೆತ್ತಿ, ಬಲಗೈ ಬೆರಳನ್ನು ಸೋಫಾದ ಕಡೆ ಚಾಚಿದರು. ಸೋಫಾದ ಮೇಲೆ ಬೆಕ್ಕು ಮಲಗಿತ್ತು. ಅದು ಒಂದು ಕಣ್ಣು ತೆರೆದು ನೋಡಿ, ತೀರ್ಪನ್ನು ಒಪ್ಪದೆ ಮತ್ತೆ ಮುಚ್ಚಿಕೊಂಡಿತು.

"ಫ್ರೀ ಕಿಕ್ ಯಾರಿಗ್ರೀ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಆ ಕೆಟಲ್ ಬದಲಾಯಿಸು ಅಂತ ಎಷ್ಟು ಸಲ ಹೇಳಿದೀನಿ?"

"ಕೆಟಲ್ ಇರ್ಲಿ. ಇವತ್ತು ಕಣ್ಣಿನ ಪರೀಕ್ಷೆ ಇದೆ. ಡಾಕ್ಟರ ಹತ್ರ ಹೋಗೋ ಮುಂಚೆ ಅಂಗಡಿಗೆ ಬನ್ನಿ, ನಾನೊಂದು ಸಲ ನೋಡ್ತೀನಿ."

"ನೋಡೋಕೆ ಏನಿದೆ? ನಂದು ಹದ್ದಿನ ಕಣ್ಣು."

"ಹೌದು ಹೌದು. ಹದ್ದು ಎಡಗಾಲಿಗೆ ಬಲಗಾಲಿನ ಬೂಟು ಹಾಕ್ಕೊಂಡಿದೆ."

ಸಾಹೇಬರು ಬಗ್ಗಿ ನೋಡಿದರು. ನಿಜವೇ. ಆದರೆ ದಾರ ಕಟ್ಟಿಯಾಗಿತ್ತು, ಮತ್ತು ಕೊಟ್ಟ ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಹಾಗೆಯೇ ಕುಂಟುತ್ತ ಹೊರಟರು.

ಈ ಅಭ್ಯಾಸ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಫುಟ್‌ಬಾಲಿಗೆ ಬರುವ ಮುಂಚೆ ಅವರು ಸಿಟಿ ಬಸ್ಸಿನ ಕಂಡಕ್ಟರು. ರಜಾದಿನ ಮೈದಾನದ ಪಕ್ಕ ನಿಂತು ಆಟ ನೋಡುತ್ತಿದ್ದಾಗ, ರೆಫರಿ ಬಾರದ ಒಂದು ಪಂದ್ಯಕ್ಕೆ ಯಾರೋ ಇವರ ಕೊರಳಲ್ಲಿದ್ದ ಸೀಟಿ ಕಂಡು ಒಳಕ್ಕೆ ಎಳೆದುಕೊಂಡರು. ಮೊದಲ ಪಂದ್ಯದಲ್ಲೇ ಫ್ರೀ ಕಿಕ್‌ಗೆ ಅಡ್ಡ ನಿಂತ ಐದು ಜನ ಆಟಗಾರರಿಗೆ "ಒಳಗೆ ನಡೀರಿ, ಒಳಗೆ ಜಾಗ ಇದೆ, ಬಾಗಿಲಲ್ಲಿ ನಿಲ್ಲಬೇಡಿ" ಎಂದರು. ಆಟ ಮತ್ತೆ ಶುರುಮಾಡಲು "ರೈಟ್ ರೈಟ್" ಎಂದರು. ಎಲ್ಲರೂ ನಕ್ಕರು, ಆದರೆ ಎಲ್ಲರೂ ಒಳಗೂ ಸರಿದರು. ಆ ಪಂದ್ಯದಲ್ಲಿ ಯಾರೂ ಜಗಳವಾಡಲಿಲ್ಲ. ಹಾಗೆ ಶುರುವಾದದ್ದು ಜಿಲ್ಲಾ ಪಂದ್ಯಗಳಿಗೆ ಬೆಳೆದು, ಲೀಗಿಗೆ ಏರಿ, ಬಸ್ಸಿನ ಕೆಲಸ ಬಿಡಿಸಿ, ಸಂಬಳದ ರೆಫರಿಯಾಗುವವರೆಗೆ ಬಂತು. ಮೇಲಿನವರು ಕಲಿಸಿದ ಪಾಠ ಒಂದೇ: ಊದಿದ ಮೇಲೆ ಊದಿದ ಹಾಗೆ. ಸಾಹೇಬರು ಅದನ್ನು ಮೈದಾನದ ಗೇಟಿನಲ್ಲೇ ಬಿಟ್ಟು ಬರದೆ ಮನೆಗೂ ತಂದರು. ಒಮ್ಮೆ ಬುಧವಾರವನ್ನು ಬಾಯಿತಪ್ಪಿ ಮಂಗಳವಾರ ಎಂದುಬಿಟ್ಟು, ಇಡೀ ದಿನ ಮಂಗಳವಾರವನ್ನೇ ಬದುಕಿ, ಮರುದಿನ ನೇರವಾಗಿ ಗುರುವಾರಕ್ಕೆ ಹಾರಿದರು.

ಹೆಂಡತಿ ಕನ್ನಡಕದ ಅಂಗಡಿಯವಳು. ಅಂಗಡಿ ಕಟ್ಟಿದವರು ಅವಳ ಅಪ್ಪ. ನಲವತ್ತು ವರ್ಷ ಊರಿನ ಕಣ್ಣುಗಳನ್ನೆಲ್ಲ ನೋಡಿ, ಈಗ ಮಗಳಿಗೆ ಬಿಟ್ಟುಕೊಟ್ಟು ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮಾವ ಮಾತಿನಲ್ಲಿ ಬೆಣ್ಣೆ. ಅಳಿಯ ಬಂದರೆ ಎದ್ದು ನಿಲ್ಲುವವರು, "ಅಳಿಯಂದಿರೇ" ಎನ್ನದೆ ಮಾತು ಶುರುಮಾಡದವರು. ಭಾನುವಾರ ಮಧ್ಯಾಹ್ನ ಹಳೆಯ ಸ್ನೇಹಿತರನ್ನು ಕಾಣಲು ಹೋಗಿ, ಸಂಜೆ ಅದ್ಯಾಕೋ ಗಂಟಲು ಕಟ್ಟಿಸಿಕೊಂಡು ಮಗಳ ಮನೆಗೆ ಬಂದು ಬಿಸಿನೀರು ಕುಡಿಯುತ್ತಿದ್ದರು. "ಪಂದ್ಯ ಹೇಗಿತ್ತು ಅಳಿಯಂದಿರೇ? ಪಾಪ, ಜನ ಬಹಳ ಬೈತಾರಂತೆ," ಎಂದು ಪಿಸುದನಿಯಲ್ಲಿ ಮರುಗುತ್ತಿದ್ದರು.

ಜನ ಬೈಯುತ್ತಿದ್ದದ್ದು ನಿಜ. ರೆಫರಿಯನ್ನು ಕುರುಡ ಎನ್ನದ ಪ್ರೇಕ್ಷಕ ಇನ್ನೂ ಹುಟ್ಟಬೇಕು. ಸಾಹೇಬರಿಗೆ ಅದು ಗಾಳಿಯ ಸದ್ದಿನಷ್ಟೇ ಮಾಮೂಲಾಗಿತ್ತು. ಆದರೆ ಒಂದು ದನಿ ಮಾತ್ರ ಇಪ್ಪತ್ತು ವರ್ಷಗಳಿಂದ ಎದೆಗೆ ನಾಟುತ್ತಿತ್ತು. ಪೂರ್ವದ ಕಟ್ಟೆಯಿಂದ ಬರುವ ಗೊಗ್ಗರು ದನಿ. "ಏಯ್ ರೆಫರೀ! ಅದು ಕಣ್ಣೋ, ಅಂಗಿ ಗುಂಡಿಯೋ?" ಎಂದು ಶುರುವಾಗುತ್ತಿತ್ತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ವಿವರಕ್ಕೆ ಇಳಿದಿತ್ತು: "ಎಡಗಣ್ಣಿಗೆ ಮೈನಸ್ ಒಂದೂವರೆ ಬೇಕು ಕಣೋ ನಿಂಗೆ!"

ಬೈಯುವವನು ಇಷ್ಟು ಲೆಕ್ಕಾಚಾರವಾಗಿ ಯಾಕೆ ಬೈಯುತ್ತಾನೆ ಎಂದು ಸಾಹೇಬರಿಗೆ ಬಗೆಹರಿದಿರಲಿಲ್ಲ. ಆ ಕಡೆ ತಿರುಗಿ ನೋಡಿದರೆ ಕಟ್ಟೆಯ ಮೇಲೆ ಜನ ಕಾಣುತ್ತಿರಲಿಲ್ಲ. ಬಣ್ಣ ಬಣ್ಣದ ಮಂಜು ಕಾಣುತ್ತಿತ್ತು. ಎಲ್ಲರಿಗೂ ದೂರದ ಜನ ಹಾಗೇ ಕಾಣುತ್ತಾರೆ ಎಂದುಕೊಂಡಿದ್ದರು.

ಈಗ ಅವರಿಗೆ ನಲವತ್ತೈದು. ಲೀಗಿನ ನಿಯಮದಂತೆ ಇದೇ ಕೊನೆಯ ವರ್ಷ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಸಿಗದ ಫೈನಲ್ ಪಂದ್ಯ ಈ ಸಲ ಅವರ ಹೆಸರಿಗೆ ಬಂದಿತ್ತು. ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಕಣ್ಣಿನ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ. ಆ ಸಾಲನ್ನು ಓದಲು ಸಾಹೇಬರು ಕಾಗದವನ್ನು ಮೂಗಿಗೆ ಅಂಟಿಸಿಕೊಳ್ಳಬೇಕಾಯಿತು. ಲೆನ್ಸ್ ಹಾಕಿಕೊಂಡರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಹಾಕಿಕೊಂಡರೆ, ಆ ಗೊಗ್ಗರು ದನಿ ಇಪ್ಪತ್ತು ವರ್ಷ ಕೂಗಿದ್ದಕ್ಕೆ ತಾವೇ ಸಹಿ ಹಾಕಿಕೊಟ್ಟಂತಲ್ಲವೇ?

ಅದಕ್ಕೆ ಅವರು ಅಂಗಡಿಗೆ ಹೋಗದೆ ನೇರ ಆಸ್ಪತ್ರೆಗೆ ಹೋದರು. ಭಯವೇನೂ ಇರಲಿಲ್ಲ. ದಿನಾ ಮಧ್ಯಾಹ್ನ ಹೆಂಡತಿಯ ಅಂಗಡಿಯ ಹಿಂಗೋಣೆಯಲ್ಲಿ, ಅಕ್ಷರಪಟದ ಎದುರೇ ಕೂತು ಊಟ ಮಾಡಿದವರು. ಪಟ ಅವರಿಗೆ ಬಾಯಿಪಾಠವಾಗಿ ಎಷ್ಟೋ ವರ್ಷವಾಗಿತ್ತು. ಊರಿನ ಆಸ್ಪತ್ರೆಗಳಿಗೆಲ್ಲ ಅದೇ ಪಟ ಹಂಚಿದವರೂ ಮಾವನೇ.

ಡಾಕ್ಟರು ಸಣ್ಣ ಆಳು, ನಿಧಾನದ ಮನುಷ್ಯ. "ಆ ಗೆರೆ ಮೇಲೆ ನಿಂತ್ಕೊಳ್ಳಿ. ಒಂದು ಕಣ್ಣು ಮುಚ್ಕೊಳ್ಳಿ," ಎಂದರು.

ಸಾಹೇಬರು ಒಂದು ಕಣ್ಣು ಮುಚ್ಚಿದರು. ಎದುರು ಗೋಡೆಯ ಮೇಲೆ ಬಿಳಿಯದೊಂದು ತೂಗುತ್ತಿತ್ತು. ಉಸಿರು ಎಳೆದುಕೊಂಡು ಶುರುಮಾಡಿದರು. "ರ. ಗ, ಟ. ಮ, ಸ, ಳ. ನ, ಥ, ವ, ಜ..."

"ಸಾರ್..."

"...ಕ, ಡ, ಭ, ಲ, ಯ..."

"ಸಾರ್, ಅದು ಕ್ಯಾಲೆಂಡರು. ಪಟ ಇನ್ನೂ ನನ್ನ ಕಂಕುಳಲ್ಲಿದೆ."

ಬೇರೆ ಯಾರಾದರೂ ಆಗಿದ್ದರೆ ನಕ್ಕು ತಲೆ ಕೆರೆದುಕೊಳ್ಳುತ್ತಿದ್ದರು. ಸಾಹೇಬರು ಎದೆ ಸೆಟೆಸಿದರು.

"ನಾನು ಓದಿದ್ದು ಓದಿದ್ದೇ."

"ಅಲ್ಲಿರೋದು ಅಂಕಿಗಳು ಸಾರ್. ಮತ್ತೆ ಒಂದು ಕುದುರೆ ಚಿತ್ರ."

"ತೀರ್ಪು ಆಗೋಗಿದೆ," ಎಂದರು ಸಾಹೇಬರು, ಈ ಸಲ ಸ್ವಲ್ಪ ಮೆತ್ತಗೆ.

ಡಾಕ್ಟರು ಅವರನ್ನು ಕೂರಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಚೀಟಿ ಬರೆದರು. "ಒಂಬತ್ತು ದಿನ ಟೈಮ್ ಕೊಡ್ತೀನಿ. ಲೆನ್ಸ್ ಹಾಕ್ಕೊಂಡು ಬನ್ನಿ. ಫೈನಲ್ ಅದರ ಮಾರನೇ ದಿನ ತಾನೇ? ಬರದಿದ್ರೆ ಬೇರೆಯವರ ಹೆಸರು ಹೋಗುತ್ತೆ."

ಸಾಹೇಬರು ಚೀಟಿಯನ್ನು ಮೂಗಿನ ಹತ್ತಿರ ಹಿಡಿದರು. ಬಲಗಣ್ಣಿಗೆ ಮೈನಸ್ ಒಂದು. ಎಡಗಣ್ಣಿಗೆ ಮೈನಸ್ ಒಂದೂವರೆ. ಕಟ್ಟೆಯ ಆ ದನಿ ಕೂಗಿದ್ದ ಅದೇ ಅಂಕಿ. ಚೀಟಿಯನ್ನು ತಟ್ಟನೆ ಮಡಚಿ ಜೇಬಿಗೆ ಹಾಕಿಕೊಂಡರು.

ಅಂಗಡಿಯ ಗಾಜಿನ ಬಾಗಿಲ ಮುಂದೆ ಎರಡು ಸಲ ಹೋಗಿ ಬಂದು, ಮೂರನೆಯ ಸಲ ಒಳಗೆ ಹೋಗಿ, ಚೀಟಿಯನ್ನು ಹೆಂಡತಿಯ ಮುಂದೆ ಮಗುಚಿ ಇಟ್ಟರು. ಮಗುಚಿಟ್ಟರೂ ಅವಳಿಗೆ ಗೊತ್ತಾಯಿತು. ಅವಳು ನಗಲಿಲ್ಲ. ಅದೇ ಅವಳ ದೊಡ್ಡತನ. ಸ್ಟೂಲ್ ಎಳೆದು, "ಕೂತ್ಕೊಳ್ಳಿ," ಎಂದಳು. ಮೂಲೆಯ ಕುರ್ಚಿಯಲ್ಲಿದ್ದ ಮಾವ ಮಾತ್ರ ಏಕಾಏಕಿ ಕೆಮ್ಮು ಬಂದವರಂತೆ ಎದ್ದು ಹೊರಗೆ ಹೋದರು.

ಲೆನ್ಸ್ ಕಣ್ಣೊಳಗೆ ಹೋಗಲು ಆರು ದಿನ ಬೇಕಾಯಿತು.

"ತೆಗೀರಿ."

"ತೆಗೆದಿದೀನಿ."

"ಅದು ಬಾಯಿ. ಕಣ್ಣು ತೆಗೀರಿ."

ಏಳನೆಯ ದಿನ ಅದು ಕೂತಿತು. ಸಾಹೇಬರು ರೆಪ್ಪೆ ಬಡಿದು, ಬಡಿದು, ಎದುರಿಗಿದ್ದ ಮುಖವನ್ನು ನೋಡಿದರು. ಅವಳ ಕಿವಿಯ ಹತ್ತಿರ ನಾಲ್ಕು ನರೆಗೂದಲು ಬೆಳ್ಳಿಯ ಎಳೆಗಳ ಹಾಗೆ ಮಿನುಗುತ್ತಿದ್ದವು.

"ನಿಂಗೆ ಗಲ್ಲದ ಮೇಲೆ ಮಚ್ಚೆ ಇದೆ," ಎಂದರು, ಹೊಸ ಊರು ಕಂಡವರ ಹಾಗೆ.

"ಮದುವೆಗೆ ಮುಂಚಿನಿಂದ ಇದೆ."

"ಚೆನ್ನಾಗಿದೆ."

"ಈ ತೀರ್ಪನ್ನೂ ವಾಪಸ್ ತಗೊಳ್ಳಲ್ಲ ತಾನೇ?" ಎಂದು ಅವಳು ಲೆನ್ಸಿನ ಡಬ್ಬಿ ಮುಚ್ಚಿದಳು.

ಪರೀಕ್ಷೆ ಮುಗಿಯಿತು. ಈ ಸಲ ಪಟವನ್ನೂ ಓದಿದರು, ಕುದುರೆಯನ್ನೂ ನೋಡಿದರು. ಭಾನುವಾರ ಫೈನಲ್.

ಮೈದಾನಕ್ಕೆ ಕಾಲಿಟ್ಟ ಸಾಹೇಬರು ಒಂದು ಗಳಿಗೆ ಹಾಗೇ ನಿಂತುಬಿಟ್ಟರು. ಹುಲ್ಲು ಎಂದರೆ ಇಲ್ಲಿಯವರೆಗೆ ಹಾಸಿದ ಹಸಿರು ಬಟ್ಟೆ. ಇವತ್ತು ಎಸಳು ಎಸಳಾಗಿ ನಿಂತಿತ್ತು, ಪ್ರತಿ ಎಸಳಿಗೂ ತನ್ನದೇ ಸಣ್ಣ ನೆರಳು. ಆಟಗಾರರ ಬೆನ್ನಿನ ಮೇಲೆ ಅಂಕಿಗಳಿದ್ದವು! ಇಷ್ಟು ವರ್ಷ ಅವರನ್ನು ಓಡುವ ರೀತಿಯಲ್ಲೇ ಗುರುತಿಸುತ್ತಿದ್ದೆನಲ್ಲ ಎಂದು ತಮ್ಮ ಬಗ್ಗೆ ತಮಗೇ ಅಯ್ಯೋ ಎನ್ನಿಸಿತು.

ಎಂಬತ್ತೆಂಟನೆಯ ನಿಮಿಷ. ಊರಿನ ತಂಡ ಒಂದು ಗೋಲು ಹಿಂದೆ. ಅವರ ಹುಡುಗನೊಬ್ಬ ಒದ್ದ ಚೆಂಡು ಮೇಲಿನ ಕಂಬಕ್ಕೆ ಬಡಿದು, ನೇರ ಕೆಳಗೆ ಬಿದ್ದು, ಪುಟಿದು ಹೊರಗೆ ಬಂತು. ಇಡೀ ಮೈದಾನ "ಗೋಲ್!" ಎಂದು ಎದ್ದಿತು. ಸಾಹೇಬರು ನೋಡಿದ್ದರು. ಚೆಂಡು ಬಿದ್ದಾಗ ಅದರ ಹೊಟ್ಟೆ ಬಿಳಿ ಗೆರೆಯ ಮೇಲೇ ಇತ್ತು, ಸುಣ್ಣದ ಪುಡಿ ಹಾರಿದ್ದು ಕೂಡ ಕಂಡಿತು. ಊದಲಿಲ್ಲ. ತಲೆ ಅಲ್ಲಾಡಿಸಿ "ರೈಟ್ ರೈಟ್" ಎಂದು ಆಟ ಮುಂದುವರಿಸಿದರು.

"ಏಯ್ ರೆಫರೀ! ಅದು ಕಣ್ಣೋ, ಅಂಗಿ ಗುಂಡಿಯೋ?"

ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ, ಸಾಹೇಬರು ತಿರುಗಿ ನೋಡಿದರೆ ಕಟ್ಟೆಯ ಮೇಲೆ ಮಂಜು ಇರಲಿಲ್ಲ. ಮುಖಗಳಿದ್ದವು. ಮೂರನೆಯ ಸಾಲಿನಲ್ಲಿ, ಸುರುಳಿ ಸುತ್ತಿದ ಪೇಪರನ್ನು ಕಹಳೆಯ ಹಾಗೆ ಬಾಯಿಗೆ ಹಿಡಿದು, ಬೆಂಚಿನ ಮೇಲೆ ಹತ್ತಿ ನಿಂತು, ಕುತ್ತಿಗೆಯ ನರ ಉಬ್ಬಿಸಿ ಕೂಗುತ್ತಿದ್ದವರು ಮಾವ.

ಉಳಿದ ಎರಡು ನಿಮಿಷ ಸಾಹೇಬರು ಹೇಗೆ ಓಡಿದರೋ ಅವರಿಗೇ ಗೊತ್ತಿಲ್ಲ. ಕೊನೆಯ ಸೀಟಿ ಊದಿದ್ದು ಮಾತ್ರ ಸರಿಯಾದ ಹೊತ್ತಿಗೆ.

ಬೂಟು ಬದಲಿಸಿ ಬಂದಾಗ ಮಾವ ಹೊರಗೆ ಕಾಯುತ್ತಿದ್ದರು, ಎರಡೂ ಕೈ ಬೆನ್ನ ಹಿಂದೆ.

"ಬೆನ್ನ ಹಿಂದೆ ಏನು ಮಾವ?"

"ಪೇಪರು. ಓದೋಕೆ ತಂದೆ," ಎಂದು ಮಾವ ಪಿಸುಗುಟ್ಟಿದರು. ಗಂಟಲು ಪೂರ್ತಿ ಹೋಗಿತ್ತು.

"ಇಪ್ಪತ್ತು ವರ್ಷದಿಂದ ಓದ್ತಿದೀರಲ್ಲ, ಇನ್ನೂ ಮುಗಿದಿಲ್ವಾ?"

ಮಾವ ನೆಲ ನೋಡಿದರು. "ಮತ್ತೇನು ಮಾಡ್ಲಿ? ನಿಮ್ಮ ಕಣ್ಣು ಸರಿಯಿಲ್ಲ ಅಂತ ಮನೇಲಿ ಹೇಳೋಕಾಗುತ್ತಾ? ನೀವು ಅಳಿಯಂದಿರು. ಒಂದು ಮರ್ಯಾದೆ ಬೇಡ್ವಾ? ಮೈದಾನದಲ್ಲಾದ್ರೆ ನೀವು ಬರೀ ರೆಫರಿ."

"ಅವಳಿಗೆ ಗೊತ್ತಿತ್ತಾ?"

"ಪೇಪರ್ ಸುತ್ತಿ ಕೊಡ್ತಿದ್ದೋರು ಯಾರು ಅಂದ್ಕೊಂಡ್ರಿ?"

ಸಾಹೇಬರು ಗೇಟಿನ ಕಡೆ ತಿರುಗಿದರು. ಮಾವನಿಗೆ ಅಷ್ಟೇ ಸಾಕಾಯಿತು.

"ಅದೆಲ್ಲ ಹಾಳಾಗ್ಲಿ. ಆದ್ರೆ ಕೊನೇಲಿ ಆಗಿದ್ದು ಗೋಲೇ ಅಳಿಯಂದಿರೇ. ಚೆಂಡು ಗೆರೆ ದಾಟಿ ಒಂದು ಮೊಳ ಆಚೆ ಹೋಗಿತ್ತು. ಈ ಕಣ್ಣಾರೆ ನೋಡಿದೀನಿ."

ಸಾಹೇಬರು ಆ ಕಣ್ಣುಗಳನ್ನು ನೋಡಿದರು. ಹತ್ತಿರದಿಂದ, ಹೊಸ ಲೆನ್ಸಿನಿಂದ. ಎರಡೂ ಕಣ್ಣಿನ ಪಾಪೆಯ ಮೇಲೆ ತೆಳ್ಳಗೆ ಹಾಲಿನ ಬಣ್ಣದ ಪೊರೆ. ಮೈದಾನದ ಆಚೆ ಸ್ಕೋರ್ ಬೋರ್ಡ್ ನಿಂತಿತ್ತು, ಒಂದೊಂದು ಅಂಕಿ ಆಳೆತ್ತರ.

"ಮಾವ, ಆ ಬೋರ್ಡಲ್ಲಿ ಏನಿದೆ ಓದಿ ನೋಡೋಣ."

ಮಾವ ನೆಟ್ಟಗೆ ನಿಂತರು. ನಲವತ್ತು ವರ್ಷದ ರೂಢಿಯಂತೆ ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿ, ಬೋರ್ಡ್ ಬಿಟ್ಟು ಅದರ ಪಕ್ಕದ ನೀರಿನ ಟ್ಯಾಂಕಿನ ಕಡೆ ಮುಖ ಮಾಡಿ, ಒಂದಿಷ್ಟೂ ತಡವರಿಸದೆ ಶುರುಮಾಡಿದರು. "ರ. ಗ, ಟ. ಮ, ಸ, ಳ..."

ಸಾಹೇಬರ ಕೈ ಜೇಬಿನೊಳಗಿನ ಹಳದಿ ಕಾರ್ಡಿನ ತನಕ ಹೋಯಿತು. ಅದನ್ನು ಅಲ್ಲೇ ಬಿಟ್ಟರು. ಗೇಟಿನ ಹೊರಗೆ ಹೆಂಡತಿ ಕಾಯುತ್ತಿರುವುದು ಸ್ಪಷ್ಟವಾಗಿ ಕಂಡಿತು, ಮಚ್ಚೆಯ ಸಮೇತ. ನಾಳೆ ಅಂಗಡಿ ತೆರೆದೊಡನೆ ಸ್ಟೂಲಿನ ಮೇಲೆ ಮೊದಲು ಯಾರನ್ನು ಕೂರಿಸಬೇಕು ಎಂದು ಅವಳಿಗೆ ಹೇಳಬೇಕಿತ್ತು. ಅವರು ಅತ್ತ ಹೆಜ್ಜೆ ಹಾಕಿದರು.

"...ನ, ಥ, ವ, ಜ. ಸರಿ ಇದೆ ತಾನೇ? ಅಳಿಯಂದಿರೇ? ಎಲ್ಲಿಗೆ ಹೊರಟ್ರಿ? ಇನ್ನೂ ಒಂದು ಸಾಲು ಇದೆ!"