ಸುಣ್ಣದ ಗೆರೆಯೊಳಗೆ ಮಲಗಿಸಿದವರು

ನಮ್ಮ ಮನೆ ಕಟ್ಟಿದ ಮೇಸ್ತ್ರಿಯವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಬರಿಗಾಲಿನಲ್ಲಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ನಿವೇಶನದ ಉದ್ದಗಲ ಅಳೆಯುತ್ತಿದ್ದರು. ಆಮೇಲಷ್ಟೇ ಜೇಬಿನಿಂದ ಟೇಪು ಹೊರಬರುತ್ತಿತ್ತು. ಎರಡೂ ಹೊಂದದಿದ್ದರೆ ಟೇಪನ್ನೇ ಅನುಮಾನದಿಂದ ನೋಡುತ್ತಿದ್ದರು.

ಗುರುಪುರದ ಹತ್ತಿರದ ನಮ್ಮೂರಿನಲ್ಲಿ ಹೊಸ ಮನೆಗೆ ನಕ್ಷೆ ಬರೆದವಳು ನಾನೇ. ಆಗಷ್ಟೇ ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಹೊಗೆಸೊಪ್ಪು ವಿಂಗಡಿಸುವ ಹಜಾರದಿಂದ ಹಿಡಿದು ಚಪ್ಪಲಿ ಬಿಡುವ ಮೂಲೆಯವರೆಗೆ ಗ್ರಾಫ್ ಹಾಳೆಯಲ್ಲಿ ಎಲ್ಲವೂ ಇತ್ತು. ಮೇಸ್ತ್ರಿ ಅದನ್ನು ಒಮ್ಮೆ ನೋಡಿ ಮಡಚಿ ಕೊಟ್ಟರು.

“ಚೆನ್ನಾಗದೆ ಕಣವ್ವ. ಆದ್ರೆ ಪೇಪರ್ ಮ್ಯಾಲೆ ಯಾರ ಕಾಲೂ ಗ್ವಾಡೆಗೆ ತಾಗಾಕಿಲ್ಲ. ನೆಲದ ಮ್ಯಾಲೆ ಮಲ್ಗಿ ನೋಡ್ಬೇಕು.”

ಪಾಯ ತೋಡುವ ಮುನ್ನ ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ನೆಲದ ಮೇಲೆ ಎಳೆದು, ಮನೆಯವರನ್ನೆಲ್ಲ ಅವರವರ ಜಾಗದಲ್ಲಿ ಮಲಗಿಸುವುದು ಅವರ ಪದ್ಧತಿ. ಬೀದಿಯವರು ನೋಡುತ್ತಿದ್ದರು, ನನಗೆ ನಾಚಿಕೆ. ಅಪ್ಪ ಟವೆಲ್ ಸುತ್ತಿ ತಲೆಗಿಟ್ಟುಕೊಂಡು ಮಲಗಿಯೇಬಿಟ್ಟರು.

“ಗೌಡ್ರೇ, ಗೊರಕೆ ಈಗ್ಲೇ ಬ್ಯಾಡಿ, ಅಳತೆ ಮುಗೀಲಿ!”

ಅಮ್ಮನನ್ನು ಅಡುಗೆಮನೆಯ ಗೆರೆಯೊಳಗೆ ಕೂರಿಸಿ, ಮುದ್ದೆ ತಿರುವುವಂತೆ ಕೈಯಾಡಿಸಲು ಹೇಳಿದರು. ಮೊಣಕೈ ಗೆರೆ ದಾಟಿತು. ಗೆರೆ ಅರ್ಧ ಅಡಿ ಸರಿಯಿತು.

ನನ್ನ ಕೋಣೆಯಲ್ಲಿ ನಾನು ಮಲಗಿದೆ. ದೊಡ್ಡತ್ತೆ ಮಾತ್ರ ನೀರಿನ ಚೊಂಬು ಹಿಡಿದು ಗೆರೆಯ ಹೊರಗೆ ನಿಂತಿದ್ದರು. ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ, ನಾನು ಹುಟ್ಟುವ ಮುಂಚೆಯೇ ನಮ್ಮಲ್ಲಿಗೆ ಬಂದವರು. ಹಳೇ ಮನೆಯಲ್ಲಿ ರಾಗಿ ಮೂಟೆಗಳ ಪಕ್ಕ ಚಾಪೆ ಹಾಸಿಕೊಳ್ಳುತ್ತಿದ್ದರು. ನನ್ನ ನಕ್ಷೆಯಲ್ಲಿ ಚಪ್ಪಲಿಗೆ ಜಾಗವಿತ್ತು, ಅವರಿಗಿರಲಿಲ್ಲ.

“ನೀವೆಲ್ಲಿ ಮಲಗ್ತೀರಕ್ಕ?” ಎಂದರು ಮೇಸ್ತ್ರಿ.

“ನಾನಾ? ಎಲ್ಲೋ ಒಂದ್ಕಡೆ ಬುಡಪ್ಪ.”

“ಎಲ್ಲೋ ಒಂದ್ಕಡೆ ಅನ್ನೋ ಕ್ವಾಣೆ ಕಟ್ಟಕ್ಕೆ ನಂಗೆ ಬರಾಕಿಲ್ಲ ಕಣಕ್ಕ.”

ಯಾರೂ ನಗಲಿಲ್ಲ. ಮೇಸ್ತ್ರಿ ಸುಣ್ಣದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ನಾನು ಎದ್ದು ನನ್ನ ಕೋಣೆಯ ನಡುವೆ ಒಂದು ಗೆರೆ ಎಳೆದೆ. ಸೊಟ್ಟಗೆ ಬಂತು. ಅವರು ಅದನ್ನು ಪಾದದಿಂದ ಅಳಿಸಿ ನೇರವಾಗಿ ಎಳೆದು, “ಕಿಟ್ಕಿ ಇಬ್ರಿಗೂ ಬರ್ಲಿ,” ಎಂದರು. “ಅಯ್ಯೋ, ನಂಗ್ಯಾಕ್ ಮಗಾ,” ಎನ್ನುತ್ತಲೇ ಅತ್ತೆ ಒಳಗೆ ಬಂದು, ಗೆರೆ ಕೆಡದಂತೆ ಸೀರೆ ಮುದುರಿಕೊಂಡು ಕುಳಿತರು.

ಹೋದ ವರ್ಷ ಮೇಸ್ತ್ರಿ ತೀರಿಕೊಂಡ ಸುದ್ದಿಯನ್ನು ಹ್ಯಾಂಡ್‌ಪೋಸ್ಟ್ ಊರಿನಿಂದ ಬಂದ ಅವರ ಅಳಿಯ ತಿಳಿಸಿದರು. ಅತ್ತೆ ಅವರಿಗೆ ಊಟ ಬಡಿಸಿದರು, ಬಸ್ಸಿನ ಹೊತ್ತು ವಿಚಾರಿಸಿದರು. ಅವರು ಹೊರಟ ಮೇಲೆ ತಮ್ಮ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಇಷ್ಟು ವರ್ಷ ನಮ್ಮೆಲ್ಲರ ಕಣ್ಣೆದುರೇ ಬದುಕಿದವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅಂದೂ ಕಾಣಲಿಲ್ಲ. ಬಾಗಿಲ ಈಚೆಗೆ ಕೇಳಿಸಿತು.